ಕಾಯಿಲೆ ಬಾರದವರ ಲೆಕ್ಕ

ಲಂಡನ್ನಿನ ಸೋಹೊ ಬಡಾವಣೆಯ ಬ್ರಾಡ್ ಸ್ಟ್ರೀಟಿನಲ್ಲಿ ಒಂದು ಬಿಯರ್ ಭಟ್ಟಿಯಿತ್ತು. ಎಪ್ಪತ್ತಕ್ಕೂ ಹೆಚ್ಚು ಆಳುಗಳು ಅಲ್ಲಿ ದುಡಿಯುತ್ತಿದ್ದರು. 1854ರ ಆಗಸ್ಟ್ 31ರ ರಾತ್ರಿ ಆ ಬೀದಿಗೆ ಕಾಲರಾ ಬಡಿಯಿತು. ಮೊದಲ ಮೂರೇ ದಿನಗಳಲ್ಲಿ 127 ಜನ ಸತ್ತರು. ಹತ್ತು ದಿನ ಕಳೆಯುವಷ್ಟರಲ್ಲಿ ಸಾವು ಐನೂರು ದಾಟಿತು. ಎಲ್ಲ ಮುಗಿದ ಮೇಲೆ ಸಿಕ್ಕ ಲೆಕ್ಕ 616. ಬಾಗಿಲು ಬಾಗಿಲಿಗೂ ಹೆಣ ಹೊರುತ್ತಿದ್ದ ಆ ಬೀದಿಯ ನಡುವೆಯೇ ಇದ್ದ ಭಟ್ಟಿಯ ಆಳುಗಳಲ್ಲಿ ಒಬ್ಬನೂ ಸಾಯಲಿಲ್ಲ.

ಪಕ್ಕದ ಪೋಲಂಡ್ ಸ್ಟ್ರೀಟಿನಲ್ಲಿ ಬಡವರ ಆಶ್ರಯಧಾಮವೊಂದಿತ್ತು. ಒಳಗೆ 535 ಜನ. ಹೆಚ್ಚಿನವರು ಮುದುಕರು, ನಿರ್ಗತಿಕರು, ಮೊದಲೇ ಸೊರಗಿದವರು. ಸುತ್ತಲ ಬೀದಿಗಳ ಪ್ರಮಾಣದಲ್ಲೇ ಸಾವು ಬಂದಿದ್ದರೆ ಅಲ್ಲಿ ನೂರಕ್ಕೂ ಹೆಚ್ಚು ಜನ ಸಾಯಬೇಕಿತ್ತು. ಸತ್ತವರು ಐವರು.

ಸಾಂಕ್ರಾಮಿಕ ರೋಗದ ಜಾಡು ಹಿಡಿಯುವ ವಿದ್ಯೆಯನ್ನು ವಿವರಿಸುವವರು ಸಾಮಾನ್ಯವಾಗಿ ರೋಗಿಗಳಿಂದ ಮಾತು ಆರಂಭಿಸುತ್ತಾರೆ. ಎಷ್ಟು ಜನ ಬಿದ್ದರು, ಎಲ್ಲಿ ಬಿದ್ದರು, ಯಾವ ದಿನ ಬಿದ್ದರು ಎಂಬುದು ಅವರಿಗೆ ಮುಖ್ಯ. ನನಗೆ ಭಟ್ಟಿಯ ಆಳುಗಳಿಂದಲೇ ಆರಂಭಿಸಬೇಕೆನಿಸುತ್ತದೆ. ಒಂದು ಊರಿನಲ್ಲಿ ರೋಗ ಹೇಗೆ ಹರಡಿತೆಂದು ತಿಳಿಯಬೇಕಾದರೆ ಅದೇ ಬೀದಿಯಲ್ಲಿದ್ದೂ ಅದು ಯಾರಿಗೆ ಬರಲಿಲ್ಲವೆಂಬುದನ್ನು ಅಷ್ಟೇ ಶ್ರದ್ಧೆಯಿಂದ ಕೇಳಬೇಕು. ಈ ಪಾಠವನ್ನು ಜಗತ್ತಿಗೆ ಕಲಿಸಿದವರು ಇಬ್ಬರು. ಒಬ್ಬ ವೈದ್ಯ, ಇನ್ನೊಬ್ಬ ಪಾದ್ರಿ. ವೈದ್ಯನ ಹೆಸರು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಪಾದ್ರಿಯನ್ನು ನಾವು ಹೆಚ್ಚುಕಡಿಮೆ ಮರೆತಿದ್ದೇವೆ.

ವೈದ್ಯ ಜಾನ್ ಸ್ನೋ. ಅರಿವಳಿಕೆ ಕೊಡುವುದರಲ್ಲಿ ಲಂಡನ್ನಿಗೇ ಹೆಸರುವಾಸಿ. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟವನು ಇವನೇ. ಆ ಕಾಲದ ದೊಡ್ಡ ದೊಡ್ಡ ವೈದ್ಯರೆಲ್ಲ ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆಂದು ನಂಬಿದ್ದರು. ಕೊಳೆತ ಕಸ, ಹೊಲಸು ತೋಡು, ಹಳೆಯ ಸ್ಮಶಾನಗಳಿಂದ ಏಳುವ ದುರ್ವಾಸನೆಯೇ ವಿಷ ಎಂಬುದು ಅವರ ವಾದ. ಅನಿಲಗಳ ನಡುವೆಯೇ ಬದುಕು ಕಳೆದ ಸ್ನೋಗೆ ಇದು ಒಪ್ಪಿಗೆಯಾಗಲಿಲ್ಲ. ಗಾಳಿಯಿಂದ ಬರುವ ರೋಗವಾದರೆ ಮೊದಲು ಶ್ವಾಸಕೋಶ ಕೆಡಬೇಕಿತ್ತು. ಕಾಲರಾ ಶುರುವಾಗುವುದು ಕರುಳಿನಿಂದ. ಹಾಗಾದರೆ ವಿಷ ಬಾಯಿಯ ಮೂಲಕ ಹೊಟ್ಟೆಗಿಳಿದಿರಬೇಕು, ಬಹುಪಾಲು ನೀರಿನ ಜೊತೆಗೆ. 1849ರಲ್ಲೇ ಅವನು ಇದನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ್ದ. ಹೆಚ್ಚು ಜನ ಕಿವಿಗೊಡಲಿಲ್ಲ.

ಬ್ರಾಡ್ ಸ್ಟ್ರೀಟಿನಲ್ಲಿ ಬೀದಿ ಬದಿಗೆ ಒಂದು ಕೈಪಂಪಿತ್ತು. ಅದರ ನೀರು ತಂಪು, ತಿಳಿ, ಕುಡಿದರೆ ಹಿತ. ದೂರದ ಬೀದಿಯವರೂ ತಮ್ಮ ಹತ್ತಿರದ ಪಂಪು ಬಿಟ್ಟು ಇಲ್ಲಿಗೇ ಬರುತ್ತಿದ್ದರು. ಕಾಫಿ ಅಂಗಡಿಗಳಲ್ಲಿ ಇದೇ ನೀರು, ಹೆಂಡದ ಅಂಗಡಿಗಳಲ್ಲಿ ಮದ್ಯಕ್ಕೆ ಬೆರೆಸುವುದೂ ಇದೇ ನೀರು. ಪುಡಿ ಬೆರೆಸಿ ಶರಬತ್ತೆಂದು ಮಾರುವವರೂ ಇದ್ದರು. ಸ್ನೋ ಆ ನೀರನ್ನು ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಕಲ್ಮಶವೇನೂ ಕಾಣಲಿಲ್ಲ. ಇಟಲಿಯ ಫ್ಲಾರೆನ್ಸಿನಲ್ಲಿ ಫಿಲಿಪ್ಪೊ ಪಚೀನಿ ಎಂಬಾತ ಕಾಲರಾ ಸೂಕ್ಷ್ಮಜೀವಿಯನ್ನು ವರ್ಣಿಸಿದ್ದು ಅದೇ 1854ರಲ್ಲಿ. ಆ ಸುದ್ದಿ ಲಂಡನ್ನಿನಲ್ಲಿ ಯಾರಿಗೂ ನಾಟಿರಲಿಲ್ಲ. ರಾಬರ್ಟ್ ಕಾಖ್ ಕೋಲ್ಕತ್ತೆಯಲ್ಲಿ ಅದನ್ನು ಬೇರ್ಪಡಿಸಿ ತೋರಿಸಲು ಇನ್ನೂ ಮೂವತ್ತು ವರ್ಷ ಬೇಕಿತ್ತು. ಪ್ರಯೋಗಾಲಯ ಕೈಕೊಟ್ಟಾಗ ಸ್ನೋಗೆ ಉಳಿದಿದ್ದು ಜನರ ಮಾತೊಂದೇ.

ಅವನಿಗೆ ಒಂದು ಅನುಕೂಲವಿತ್ತು. ವಿಲಿಯಂ ಫಾರ್ ಎಂಬ ಅಂಕಿ-ಅಂಶ ತಜ್ಞನ ದೆಸೆಯಿಂದ ಲಂಡನ್ನಿನ ಪ್ರತಿ ಸಾವೂ ಕಾರಣ, ವಿಳಾಸ ಸಮೇತ ಸರ್ಕಾರಿ ದಾಖಲೆ ಸೇರುತ್ತಿತ್ತು, ವಾರ ವಾರವೂ ಪಟ್ಟಿ ಹೊರಬರುತ್ತಿತ್ತು. ಆ ಪಟ್ಟಿಯಿಂದ ಸ್ನೋ ಮೊದಲ ದಿನಗಳ 83 ಸಾವುಗಳನ್ನು ಬರೆದುಕೊಂಡು ಮನೆ ಮನೆಗೆ ಹೋದ. 73 ಸಾವು ಬ್ರಾಡ್ ಸ್ಟ್ರೀಟ್ ಪಂಪಿಗೆ ಹತ್ತಿರದ ಮನೆಗಳಲ್ಲಿ. ಅವರಲ್ಲಿ 61 ಮಂದಿ ಆ ನೀರು ಕುಡಿದಿದ್ದರೆಂದು ಮನೆಯವರು ಹೇಳಿದರು. ಬೇರೆ ಪಂಪಿಗೆ ಹತ್ತಿರವಿದ್ದ ಹತ್ತು ಸಾವುಗಳೇ ಹೆಚ್ಚು ಸ್ವಾರಸ್ಯದವು. ಐದು ಮನೆಯವರು ರುಚಿಗಾಗಿ ಬ್ರಾಡ್ ಸ್ಟ್ರೀಟ್ ನೀರನ್ನೇ ತರಿಸುತ್ತಿದ್ದರು. ಇನ್ನು ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ಭಟ್ಟಿಯ ಯಜಮಾನನನ್ನೂ ಸ್ನೋ ಮಾತಾಡಿಸಿದ. ಆಳುಗಳಿಗೆ ಅಲ್ಲಿ ಬಿಯರ್ ಸಿಗುತ್ತಿತ್ತು, ನೀರು ಬೇಕೆಂದರೆ ಅಂಗಳದಲ್ಲೇ ಬಾವಿ. ಬೀದಿಯ ಪಂಪಿನತ್ತ ಅವರು ಹೋಗುತ್ತಲೇ ಇರಲಿಲ್ಲವೆಂದು ಯಜಮಾನ ಖಚಿತವಾಗಿ ಹೇಳಿದ. ಆಶ್ರಯಧಾಮಕ್ಕೂ ಸ್ವಂತ ಬಾವಿಯಿತ್ತು, ಜೊತೆಗೆ ಕಂಪನಿಯ ನಲ್ಲಿ ನೀರು. ಬ್ರಾಡ್ ಸ್ಟ್ರೀಟಿನಲ್ಲೇ ಬಂದೂಕಿನ ಸಿಡಿಮದ್ದಿನ ಟೊಪ್ಪಿ ತಯಾರಿಸುವ ಕಾರ್ಖಾನೆಯೊಂದಿತ್ತು. ಅಲ್ಲಿ ಕೆಲಸಗಾರರಿಗೆಂದು ಪಂಪಿನ ನೀರನ್ನು ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು. ಅಲ್ಲಿ ಹದಿನೆಂಟು ಮಂದಿ ಸತ್ತರು.

ಆ ಕಾರ್ಖಾನೆಯ ಒಡೆಯರ ತಾಯಿ ಬ್ರಾಡ್ ಸ್ಟ್ರೀಟ್ ಬಿಟ್ಟು ಹ್ಯಾಂಪ್‌ಸ್ಟೆಡ್ಡಿಗೆ ಹೋಗಿ ಎಷ್ಟೋ ದಿನಗಳಾಗಿದ್ದವು. ಹ್ಯಾಂಪ್‌ಸ್ಟೆಡ್ ಎತ್ತರದ ಜಾಗ, ಒಳ್ಳೆಯ ಗಾಳಿ, ಅಲ್ಲಿ ಕಾಲರಾದ ಸುಳಿವೇ ಇರಲಿಲ್ಲ. ಆದರೂ ಆಕೆ ಸೆಪ್ಟೆಂಬರ್ 2ರಂದು ಕಾಲರಾದಿಂದ ಸತ್ತರು. ಸ್ನೋ ಮಗನನ್ನು ಹೋಗಿ ಕಂಡ. ತಾಯಿಗೆ ಹಳೆಯ ಬೀದಿಯ ನೀರಿನ ರುಚಿ ಬಿಟ್ಟಿರಲಿಲ್ಲ, ದಿನವೂ ಗಾಡಿಯಲ್ಲಿ ಒಂದು ಸೀಸೆ ಹೋಗುತ್ತಿತ್ತು. ಆಗಸ್ಟ್ 31ರಂದೂ ಹೋಗಿತ್ತು. ನೋಡಲು ಬಂದಿದ್ದ ಹತ್ತಿರದ ಸಂಬಂಧಿಯೊಬ್ಬಳು ಅದೇ ನೀರು ಕುಡಿದು ಇಸ್ಲಿಂಗ್ಟನ್ನಿಗೆ ಹಿಂದಿರುಗಿ ಅಲ್ಲಿ ಸತ್ತಳು. ಅವಳ ಊರಿನಲ್ಲೂ ಕಾಲರಾ ಇರಲಿಲ್ಲ. ಗಾಳಿಯ ವಾದಕ್ಕೆ ಇದಕ್ಕಿಂತ ಬಲವಾದ ಪೆಟ್ಟು ಸಿಗುವುದು ಕಷ್ಟ. ಬೀದಿಯ ಗಾಳಿ ಹ್ಯಾಂಪ್‌ಸ್ಟೆಡ್ಡಿನವರೆಗೆ ಬೀಸಲಿಲ್ಲ, ನೀರಿನ ಸೀಸೆ ಹೋಯಿತು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಸ್ಥಳೀಯ ಆಡಳಿತವಾದ ಪ್ಯಾರಿಷ್ ಮಂಡಳಿಯ ಮುಂದೆ ಇದನ್ನೆಲ್ಲ ಇಟ್ಟ. ಮರುದಿನ ಪಂಪಿನ ಹಿಡಿಕೆಯನ್ನು ಕಳಚಿದರು. ಕತೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ: ಹಿಡಿಕೆ ಕಳಚಿದರು, ಕಾಲರಾ ನಿಂತಿತು. ಇದು ನಿಜವಲ್ಲ. ಅಷ್ಟರಲ್ಲಿ ಸಾವುಗಳು ಇಳಿಮುಖವಾಗಿದ್ದವು, ಜನ ಮನೆ ಬಿಟ್ಟು ಓಡಿಹೋಗಿದ್ದರು. ಹಿಡಿಕೆಯಿಂದಲೇ ರೋಗ ನಿಂತಿತೆಂದು ಹೇಳಲು ಆಧಾರವಿಲ್ಲವೆಂದು ಸ್ನೋ ತಾನೇ ಬರೆದಿಟ್ಟ. ಈ ಪ್ರಾಮಾಣಿಕತೆಗಾಗಿ ಅವನ ಮೇಲೆ ನನಗೆ ಗೌರವ ಹೆಚ್ಚು.

ಸ್ನೋನ ಪ್ರಸಿದ್ಧ ನಕ್ಷೆಯ ಬಗ್ಗೆಯೂ ಒಂದು ಮಾತು. ಸತ್ತವರ ಮನೆಯ ಮುಂದೆ ಒಂದೊಂದು ಸಾವಿಗೆ ಒಂದೊಂದು ಕಪ್ಪು ಗೆರೆ ಎಳೆದ ಆ ನಕ್ಷೆಯನ್ನು ನೋಡಿದರೆ ಪಂಪಿನ ಸುತ್ತ ಗೆರೆಗಳು ದಟ್ಟವಾಗಿ ಕಾಣುತ್ತವೆ. ನಕ್ಷೆಯಿಂದಲೇ ರಹಸ್ಯ ಬಯಲಾಯಿತೆಂಬ ನಂಬಿಕೆ ಬೆಳೆದಿದೆ. ಅದಕ್ಕೂ ಮೊದಲೇ ಒಳಚರಂಡಿ ಇಲಾಖೆಯ ಇಂಜಿನಿಯರ್ ಎಡ್ಮಂಡ್ ಕೂಪರ್ ಇಂಥದೇ ನಕ್ಷೆ ಬರೆದಿದ್ದ. 1665ರ ಪ್ಲೇಗಿನಲ್ಲಿ ಸತ್ತವರನ್ನು ಹೂತ ಗುಂಡಿಯನ್ನು ಚರಂಡಿ ಕೆಲಸದವರು ಕೆದಕಿದ್ದರಿಂದಲೇ ಕಾಲರಾ ಬಂತೆಂಬ ಪುಕಾರು ಹಬ್ಬಿತ್ತು. ಕೂಪರ್ ಸಾವುಗಳನ್ನು ಚರಂಡಿಗಳ ಜೊತೆಗಿಟ್ಟು ನೋಡಿ, ಇಲಾಖೆಯ ತಪ್ಪೇನೂ ಇಲ್ಲವೆಂದು ವರದಿ ಕೊಟ್ಟ. ಅವವೇ ಸಾವುಗಳು, ಅವವೇ ಬೀದಿಗಳು. ಪಂಪಿನ ಪ್ರಶ್ನೆ ಅವನ ಮನಸ್ಸಿನಲ್ಲಿರಲಿಲ್ಲ, ಹಾಗಾಗಿ ಉತ್ತರವೂ ಕಾಣಲಿಲ್ಲ. ಸ್ನೋ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಬೀದಿ ಅಲೆದಿದ್ದ, ನಕ್ಷೆ ಆಮೇಲೆ ಬಂತು. ಇಂದು ನಮ್ಮ ಪಾಲಿಕೆಗಳ ಗೋಡೆಯ ಮೇಲೆ ಬಣ್ಣ ಬಣ್ಣದ ಡಿಜಿಟಲ್ ನಕ್ಷೆಗಳು ಮಿನುಗುವಾಗ ಇದು ನೆನಪಿರಬೇಕು.

ಇನ್ನು ಪಾದ್ರಿಯ ವಿಷಯ. ಹೆನ್ರಿ ವೈಟ್‌ಹೆಡ್ ಬರ್ವಿಕ್ ಸ್ಟ್ರೀಟಿನ ಸೇಂಟ್ ಲ್ಯೂಕ್ ಚರ್ಚಿನ ಕಿರಿಯ ಪಾದ್ರಿ. ಮೂವತ್ತು ತುಂಬದ ಯುವಕ. ಆ ಹತ್ತು ದಿನ ಹಗಲಿರುಳೆನ್ನದೆ ಸಾಯುವವರ ಪಕ್ಕ ಕೂತವನು. ಪಂಪಿನ ನೀರೇ ಕಾರಣವೆಂಬ ಸ್ನೋನ ಮಾತು ಅವನಿಗೆ ಅಸಂಬದ್ಧವೆನಿಸಿತು. ಆ ನೀರನ್ನು ಧಾರಾಳವಾಗಿ ಕುಡಿದು ಚೇತರಿಸಿಕೊಂಡವರನ್ನು ಅವನು ಕಣ್ಣಾರೆ ಕಂಡಿದ್ದ. ಸರಿಯಾಗಿ ವಿಚಾರಿಸಿದರೆ ಸ್ನೋನ ವಾದ ಬಿದ್ದುಹೋಗುತ್ತದೆಂದು ನಂಬಿ, ಪ್ಯಾರಿಷ್ ನೇಮಿಸಿದ ವಿಚಾರಣಾ ಸಮಿತಿ ಸೇರಿ, ಬ್ರಾಡ್ ಸ್ಟ್ರೀಟಿನ ಮನೆ ಮನೆ ಹತ್ತಿಳಿದ. ಕೆಲವು ಮನೆಗಳಿಗೆ ಮತ್ತೆ ಮತ್ತೆ ಹೋದ. ಊರು ಬಿಟ್ಟು ಹೋದವರನ್ನೂ ಹುಡುಕಿಸಿ ಕೇಳಿದ. ಜನ ಅವನಿಗೆ ಬಾಗಿಲು ತೆರೆದರು, ಏಕೆಂದರೆ ಅವರ ಮನೆಯ ಸಾವಿನಲ್ಲಿ ಅವನು ಜೊತೆಗಿದ್ದ.

ಅವನು ಮಾಡಿದ ದೊಡ್ಡ ಕೆಲಸವೆಂದರೆ ಸತ್ತವರ ಮನೆಯವರನ್ನು ಕೇಳಿದಂತೆಯೇ ರೋಗ ಬಾರದವರನ್ನೂ ಕೇಳಿದ್ದು. ಆ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ರೋಗದ ಜಾಡು ಹಿಡಿಯುವ ವಿದ್ಯೆಯ ಜೀವಾಳ ಅದರಲ್ಲಿದೆ. ಪಂಪಿನ ನೀರು ಕುಡಿದಿದ್ದರೇ ಇಲ್ಲವೇ ಎಂದು ಖಚಿತವಾಗಿ ತಿಳಿದ, ರೋಗ ಬಂದ ನೂರು ಜನರಲ್ಲಿ 80 ಮಂದಿ ಕುಡಿದವರು. ಇಷ್ಟಕ್ಕೇ ನಿಲ್ಲಿಸಿದ್ದರೆ ಏನು ಸಾಬೀತಾಗುತ್ತಿತ್ತು? ಏನೂ ಇಲ್ಲ. ಬೀದಿಯವರಲ್ಲಿ ಐವರಿಗೆ ನಾಲ್ವರು ಅದೇ ನೀರು ಕುಡಿಯುತ್ತಿದ್ದರೆ ಆರೋಗ್ಯವಾಗಿದ್ದವರಲ್ಲೂ ನೂರಕ್ಕೆ ಎಂಬತ್ತು ಮಂದಿ ಕುಡಿದವರೇ ಸಿಗುತ್ತಿದ್ದರು. ವೈಟ್‌ಹೆಡ್ ಆ ಕಡೆಯೂ ಕೇಳಿದ. ರೋಗ ಬಾರದ 334 ಜನರಲ್ಲಿ ನೀರು ಕುಡಿದವರು ಕೇವಲ 57. ಈಗ ತಿರುಗಿಸಿ ಲೆಕ್ಕ ಹಾಕಿ. ಕುಡಿದವರು ಒಟ್ಟು 137, ಅವರಲ್ಲಿ ರೋಗ ಬಂದವರು 80. ಕುಡಿಯದವರು 297, ಅವರಲ್ಲಿ ರೋಗ ಬಂದವರು 20. ಒಂದು ಕಡೆ ನೂರಕ್ಕೆ ಐವತ್ತೆಂಟು, ಇನ್ನೊಂದು ಕಡೆ ನೂರಕ್ಕೆ ಏಳೂ ಇಲ್ಲ. ಕುಡಿದವರಿಗೆ ಅಪಾಯ ಒಂಬತ್ತು ಪಟ್ಟಿನ ಆಸುಪಾಸು. ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಅಂಶ, ಛೇದ ಎಂದು ಓದಿದ್ದೇವಲ್ಲ, ರೋಗಿಗಳ ಪಟ್ಟಿ ಅಂಶ ಮಾತ್ರ. ಛೇದ ತುಂಬಬೇಕಾದರೆ ಕಾಯಿಲೆ ಬಾರದವರ ಬಾಗಿಲನ್ನೂ ತಟ್ಟಬೇಕು.

ಬಾಗಿಲು ತಟ್ಟಿದ್ದರಿಂದ ಅವನಿಗೆ ಇನ್ನೊಂದು ಸಂಗತಿ ಹೊಳೆಯಿತು. ಒಂಟಿಯಾಗಿ ಬದುಕುತ್ತಿದ್ದ ವಯಸ್ಸಾದವರು, ಅಶಕ್ತರು ಬಹಳ ಮಂದಿ ಉಳಿದುಕೊಂಡಿದ್ದರು. ದುರ್ಬಲರೇ ಮೊದಲು ಸಾಯಬೇಕಲ್ಲವೇ? ಅವರಿಗೆ ಪಂಪಿನಿಂದ ನೀರು ಹೊತ್ತು ತಂದುಕೊಡುವವರು ಯಾರೂ ಇರಲಿಲ್ಲ. ಕೂಡು ಕುಟುಂಬದಲ್ಲಿ, ಓಡಾಡುವ ಮಕ್ಕಳ ಜೊತೆ ಇದ್ದವರಿಗೆ ತಂಪು ನೀರು ಸಿಕ್ಕಿತು, ಅದರ ಜೊತೆ ಸಾವೂ ಬಂತು. ಸತ್ತವರ ಪಟ್ಟಿಯನ್ನು ಎಷ್ಟು ಸಲ ತಿರುವಿ ಹಾಕಿದ್ದರೂ ಇದು ಕಾಣುತ್ತಿರಲಿಲ್ಲ.

ಸ್ನೋನ ವಾದವನ್ನು ಬೀಳಿಸಲು ಹೊರಟವನು ಕೊನೆಗೆ ಅದಕ್ಕೆ ಅಡಿಗಲ್ಲನ್ನೇ ಹುಡುಕಿಕೊಟ್ಟ. 1855ರಲ್ಲಿ ಸಾವಿನ ದಾಖಲೆಗಳನ್ನು ಮತ್ತೆ ಓದುವಾಗ ಬ್ರಾಡ್ ಸ್ಟ್ರೀಟ್ 40ನೇ ನಂಬರಿನ ಮನೆಯ ಒಂದು ನಮೂದು ಅವನ ಕಣ್ಣಿಗೆ ಬಿತ್ತು. ಲೂಯಿಸ್ ದಂಪತಿಯ ಐದು ತಿಂಗಳ ಹೆಣ್ಣುಮಗು, ನಾಲ್ಕು ದಿನ ಭೇದಿಯಾಗಿ ಸೆಪ್ಟೆಂಬರ್ 2ರಂದು ಸತ್ತಿತ್ತು. ಅಂದರೆ ಮಗುವಿಗೆ ಕಾಯಿಲೆ ಶುರುವಾದದ್ದು ಬೀದಿಗೆ ಕಾಲರಾ ಬಡಿಯುವ ಮೊದಲು. ಆ ಮನೆ ಪಂಪಿನ ಎದುರಿಗೇ ಇತ್ತು. ತಾಯಿಯನ್ನು ಕೇಳಿದ. ಮಗುವಿನ ಬಟ್ಟೆ ನೆನೆಸಿದ ನೀರನ್ನು ಮನೆಯ ಮುಂಭಾಗದ ಮಲಗುಂಡಿಗೆ ಚೆಲ್ಲಿದ್ದೆ ಎಂದಳು. ಅಗೆದು ನೋಡಿದಾಗ ಗುಂಡಿಯ ಇಟ್ಟಿಗೆಗಳು ಸಡಿಲವಾಗಿದ್ದವು. ಪಂಪಿನ ಬಾವಿಗೂ ಗುಂಡಿಗೂ ನಡುವೆ ಮೂರಡಿಯೂ ಇರಲಿಲ್ಲ. ಆ ನಡುವಿನ ಮಣ್ಣು ಹೊಲಸು ನೀರಿನಿಂದ ಕೆಸರಾಗಿತ್ತು.

ಮಗುವಿನ ತಂದೆ ಪೊಲೀಸ್ ಪೇದೆ. ಅವನಿಗೆ ಕಾಲರಾ ಹಿಡಿದದ್ದು ಸೆಪ್ಟೆಂಬರ್ 8ರಂದು. ಪಂಪಿನ ಹಿಡಿಕೆ ಕಳಚಿದ ದಿನವದು. ಹನ್ನೊಂದು ದಿನ ನರಳಿ ಅವನೂ ತೀರಿಕೊಂಡ. ತಾಯಿ ಮತ್ತೆ ಅದೇ ಗುಂಡಿಗೆ ಬಕೆಟ್ಟುಗಳನ್ನು ಸುರಿಯುತ್ತಿದ್ದಳು. ಮೊದಲ ಅಲೆಯನ್ನು ಹಿಡಿಕೆ ತಡೆಯಲಿಲ್ಲ ಎಂಬುದು ನಿಜ, ಆದರೆ ಎರಡನೆಯದೊಂದು ಅಲೆ ಏಳದಂತೆ ಅದು ತಡೆಯಿತೆಂದು ವೈಟ್‌ಹೆಡ್ ತೀರ್ಮಾನಿಸಿದ. ನನಗೂ ಅದೇ ಸರಿಯೆನಿಸುತ್ತದೆ.

1854ರ ಅದೇ ಬೇಸಿಗೆಯಲ್ಲಿ ಸ್ನೋ ಥೇಮ್ಸ್ ನದಿಯ ದಕ್ಷಿಣಕ್ಕೆ ಇದಕ್ಕಿಂತ ದೊಡ್ಡ ವಿಚಾರಣೆ ನಡೆಸುತ್ತಿದ್ದ. ಅಲ್ಲಿ ಎರಡು ಖಾಸಗಿ ಕಂಪನಿಗಳ ನೀರು ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಿಗೆ ಬರುತ್ತಿತ್ತು. ಒಂದು ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ಊರಿನ ಕೊಳಚೆ ಸೇರುವುದಕ್ಕಿಂತ ಮೇಲಕ್ಕೆ ಸಾಗಿಸಿತ್ತು, ಇನ್ನೊಂದು ಕೊಳಚೆಯ ನಡುವಿನಿಂದಲೇ ಎತ್ತುತ್ತಿತ್ತು. ಯಾವ ಕಂಪನಿಯ ನೀರು ಬರುತ್ತದೆಂದು ಎಷ್ಟೋ ಮನೆಯವರಿಗೇ ಗೊತ್ತಿರಲಿಲ್ಲ, ತೆರಿಗೆ ಕಟ್ಟುವವನು ಮನೆಯೊಡೆಯ. ಸ್ನೋ ಅಂಥ ಮನೆಗಳಿಂದ ಚಿಕ್ಕ ಸೀಸೆಯಲ್ಲಿ ನೀರು ತಂದು ಬೆಳ್ಳಿಯ ನೈಟ್ರೇಟ್ ಹಾಕಿದ. ಕೆಳಗಿನ ನೀರಿನಲ್ಲಿ ಉಪ್ಪಿನಂಶ ಸುಮಾರು ನಲವತ್ತು ಪಟ್ಟು ಹೆಚ್ಚಿದ್ದರಿಂದ ಅದು ಕೂಡಲೇ ಬೆಳ್ಳಗಾಗುತ್ತಿತ್ತು. ಹೀಗೆ ಮನೆಗಳನ್ನು ವಿಂಗಡಿಸಿ ನೋಡಿದಾಗ ಹತ್ತು ಸಾವಿರ ಮನೆಗಳಿಗೆ ಕೊಳಚೆ ಸೇರಿದ ನೀರಿನ ಕಡೆ 315 ಸಾವು, ಇನ್ನೊಂದು ಕಡೆ 37. ಇಷ್ಟಾದರೂ ಸರ್ಕಾರದ ಆರೋಗ್ಯ ಮಂಡಳಿ ಅವನ ವಾದವನ್ನು ತಳ್ಳಿಹಾಕಿತು. 1858ರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ ಸ್ನೋ ಸತ್ತ. 1866ರಲ್ಲಿ ಪೂರ್ವ ಲಂಡನ್ನಿಗೆ ಕಾಲರಾ ಬಂದಾಗ ಫಾರ್ ಮೊದಲು ನೋಡಿದ್ದೇ ಅಲ್ಲಿಗೆ ನೀರು ಕೊಡುವವರು ಯಾರು ಎಂದು. ವೈಟ್‌ಹೆಡ್ ಆ ವಿಚಾರಣೆಗೂ ಹೆಗಲು ಕೊಟ್ಟ.

ನಮ್ಮ ಬೆಂಗಳೂರಿನಲ್ಲಿ ಎಷ್ಟು ಮನೆಗಳಿಗೆ ತಾವು ಕುಡಿಯುವ ನೀರು ಎಲ್ಲಿಯದೆಂದು ಗೊತ್ತು? ಕಾವೇರಿ ನೀರು, ಮನೆಯ ಬೋರ್‌ವೆಲ್, ಟ್ಯಾಂಕರ್, ನಾಣ್ಯ ಹಾಕಿದರೆ ನೀರು ಬರುವ ಶುದ್ಧ ನೀರಿನ ಘಟಕ, ಬೈಕಿನಲ್ಲಿ ಬರುವ ಇಪ್ಪತ್ತು ಲೀಟರಿನ ಕ್ಯಾನು, ಇವೆಲ್ಲ ಒಂದೇ ಬೀದಿಯಲ್ಲಿ ಇರುತ್ತವೆ, ಕೆಲವೊಮ್ಮೆ ಒಂದೇ ಮನೆಯಲ್ಲೂ. ಟ್ಯಾಂಕರ್ ಯಾವ ಬೋರ್‌ವೆಲ್ಲಿನಿಂದ ತುಂಬಿಸಿಕೊಂಡಿತೆಂದು ಕೇಳುವವರು ಕಡಿಮೆ. ವಾಂತಿಭೇದಿಯ ರೋಗಿಗಳ ಪಟ್ಟಿ ಮಾಡಿ ಅವರ ವಿಳಾಸಗಳಿಗೆ ಕೆಂಪು ಚುಕ್ಕೆ ಇಟ್ಟರೆ ನೀರಿನ ಮೂಲ ತಾನಾಗಿ ಹೊಳೆಯುವುದಿಲ್ಲ. ರೋಗಿ ಕುಡಿದದ್ದು ಮನೆಯಲ್ಲೋ, ಕಾಮಗಾರಿಯ ಜಾಗದಲ್ಲೋ, ಪಿಜಿಯಲ್ಲೋ, ಮಗುವಾದರೆ ಶಾಲೆಯಲ್ಲೋ, ಅದನ್ನು ಕೇಳಬೇಕು. ಅಕ್ಕಪಕ್ಕದವರು ಯಾವ ನೀರು ಕುಡಿದು ಚೆನ್ನಾಗಿದ್ದಾರೆ ಎಂಬುದನ್ನೂ ಕೇಳಬೇಕು.

ದೇಶದಲ್ಲಿ 2004ರಿಂದ ಸಮಗ್ರ ರೋಗ ಕಣ್ಗಾವಲು ಯೋಜನೆ ಇದೆ. ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ಬರೆಯುವುದು ಎಸ್ ನಮೂನೆ, ವೈದ್ಯರು ಬರೆಯುವುದು ಪಿ ನಮೂನೆ, ಪ್ರಯೋಗಾಲಯ ಖಚಿತಪಡಿಸುವುದು ಎಲ್ ನಮೂನೆ. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದುದು ಈಗ ಅಂತರ್ಜಾಲದಲ್ಲಿ ಹೋಗುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಇದು ರೋಗಿಗಳ ಲೆಕ್ಕ, ಅದರಲ್ಲೂ ವ್ಯವಸ್ಥೆಯ ಕಣ್ಣಿಗೆ ಬಿದ್ದ ರೋಗಿಗಳ ಲೆಕ್ಕ. ಡೆಂಗಿಯನ್ನೇ ನೋಡಿ. ಲ್ಯಾಬುಗಳು ಹೆಚ್ಚಿರುವ, ಕೈಯಲ್ಲಿ ಕಾಸಿರುವವರ ವಾರ್ಡಿನಲ್ಲಿ ಪ್ರಕರಣಗಳು ಹೆಚ್ಚು ಕಾಣುತ್ತವೆ. ಜ್ವರ ಬಂದರೆ ಅಂಗಡಿಯಿಂದ ಮಾತ್ರೆ ನುಂಗಿ ಮಲಗುವವರ ವಾರ್ಡು ಆರೋಗ್ಯವಾಗಿರುವಂತೆ ತೋರುತ್ತದೆ. ಎಷ್ಟು ಜನರನ್ನು ಪರೀಕ್ಷಿಸಿದಾಗ ಎಷ್ಟು ಜನರಿಗೆ ಬಂದಿತ್ತೆಂದು ಹೇಳದ ಸಂಖ್ಯೆ ಅರ್ಧ ಸತ್ಯ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು, ಪರೀಕ್ಷೆಯ ದರಕ್ಕೂ ಮಿತಿ ಹಾಕಿತು. ದರ ಇಳಿದರೆ ಬಡವರೂ ಲೆಕ್ಕದೊಳಗೆ ಬರುತ್ತಾರೆ. ಆ ದೃಷ್ಟಿಯಿಂದ ಅದು ರೋಗದ ಜಾಡು ಹಿಡಿಯುವ ಕ್ರಮವೂ ಹೌದು.

ಯಾರನ್ನೂ ಕೇಳದೆ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ದಾರಿ ಇದೆ. ಅದು ಕೊಳಚೆ ನೀರು. ಮುಂಬಯಿಯಲ್ಲಿ 2001ರಿಂದ ಪೋಲಿಯೊ ವೈರಸ್ಸನ್ನು ಹೀಗೆ ಹುಡುಕುತ್ತಿದ್ದಾರೆ. ಬೆಂಗಳೂರಿನಲ್ಲಿ 2021ರಿಂದ ವಿಜ್ಞಾನಿಗಳು 28 ಕೊಳಚೆ ಶುದ್ಧೀಕರಣ ಘಟಕಗಳ ನೀರಿನಲ್ಲಿ ಕೊರೊನಾ ವೈರಸ್ಸಿನ ಏರಿಳಿತವನ್ನು ಗಮನಿಸಿದರು. ಲಕ್ಷಣವಿಲ್ಲದವರೂ ಪರೀಕ್ಷೆಗೆ ಹೋಗದವರೂ ಆ ನೀರಿನಲ್ಲಿ ಸೇರಿರುತ್ತಾರೆ, ಯಾರ ಹೆಸರೂ ಬಯಲಾಗುವುದಿಲ್ಲ. ಒಳಚರಂಡಿ ತಲುಪದ ಬಡಾವಣೆಗಳು ಮಾತ್ರ ಇಲ್ಲೂ ಹೊರಗುಳಿಯುತ್ತವೆ. ವೈರಸ್ ಏರುತ್ತಿದೆ ಎಂದು ಕೊಳಚೆ ಹೇಳೀತು, ಯಾವ ಮನೆಯಿಂದ ಯಾವ ಮನೆಗೆ ಎಂದು ಹೇಳದು. ಅದಕ್ಕೆ ಮತ್ತೆ ಯಾರಾದರೂ ಮೆಟ್ಟಿಲು ಹತ್ತಲೇಬೇಕು.

ಮೆಟ್ಟಿಲು ಹತ್ತಿದವರಿಗೆ ಜನ ಬಾಗಿಲು ತೆರೆಯುತ್ತಾರೆಯೇ ಎಂಬುದು ನಂಬಿಕೆಯ ಮಾತು. 2020ರ ಮಾರ್ಚಿನಲ್ಲಿ ಮನೆಯೊಳಗೆ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತು. ಅದು ತಪ್ಪು. ನೆರೆಹೊರೆಯವರ ಭಯಕ್ಕೆ ಸಿಕ್ಕಿದವರು ಮುಂದಿನ ಸಲ ಜ್ವರವನ್ನು ಮುಚ್ಚಿಡುತ್ತಾರೆ, ಆಗ ಪಟ್ಟಿಯೇ ಸುಳ್ಳಾಗುತ್ತದೆ. ಮಾಹಿತಿ ಕೇಳುವವರು ಅದನ್ನು ಕಾಪಾಡುವ ಹೊಣೆಯನ್ನೂ ಹೊರಬೇಕು.

ನಿಮ್ಮ ಮನೆಗೂ ಒಂದು ದಿನ ಆಶಾ ಕಾರ್ಯಕರ್ತೆಯೋ ಪಾಲಿಕೆಯ ಸಮೀಕ್ಷಕಿಯೋ ಬರುತ್ತಾಳೆ. ಬಿಸಿಲಿನಲ್ಲಿ ನಾಲ್ಕು ಬೀದಿ ಅಲೆದು ಬಂದಿರುತ್ತಾಳೆ. ಜ್ವರವಿದೆಯೇ, ಯಾವ ನೀರು ಕುಡಿಯುತ್ತೀರಿ, ಕಳೆದ ವಾರ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಾಳೆ. ನಮ್ಮಲ್ಲಿ ಯಾರಿಗೂ ಏನೂ ಆಗಿಲ್ಲವೆಂದು ಬಾಗಿಲು ಹಾಕಿಕೊಳ್ಳಬೇಡಿ. ಐದು ನಿಮಿಷ ನಿಂತು ಎಲ್ಲಕ್ಕೂ ಉತ್ತರ ಕೊಡಿ. ನಿಮಗೆ ಏನೂ ಆಗಿಲ್ಲ ಎಂಬುದೂ ಆಕೆಗೆ ಬೇಕಾದ ಮಾಹಿತಿಯೇ.